ಯಲ್ಲಾ ಹಾಜಿ: ನಾಲ್ಕು ತಾಲ್ಲೂಕಿನವರ ಚಾರ್ಟರ್ ವಿಮಾನದ ಚರಿತ್ರೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಶಿಕ್ಷಣ ಇಲಾಖೆಯವರು ಈ ನಾಲ್ಕನ್ನೂ ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂತ ಕರೀತಾರೆ. ನಮ್ಮ ಪಾಡ್‌ಕಾಸ್ಟಿನ ಸರಹದ್ದೂ ಅಷ್ಟೇ. ಆದ್ರೆ ಇವತ್ತಿನ ವಿಷಯ ಆ ಸರಹದ್ದು ದಾಟಿ ಬಹಳ ದೂರ ಹೋಗುತ್ತೆ. ಚಾರ್ಟರ್ ವಿಮಾನದ ವಿಷಯ. ಗುಂಪು ಕಟ್ಟಿಕೊಂಡು ಹೊರದೇಶಕ್ಕೆ ಹೋದವರನ್ನ ಅಲ್ಲಿನ ಏರ್‌ಪೋರ್ಟಿನಲ್ಲಿ ಕೌಂಟರಿನ ಹಿಂದೆ ಕೂತವರು ಯಾಕೆ ಬೇರೆ ಥರ ನೋಡ್ತಾರೆ ಅನ್ನೋ ವಿಷಯ.

ನಮ್ಮಲ್ಲಿ ರೈಲೇ ಇನ್ನೂ ನೆಟ್ಟಗೆ ಬಂದಿಲ್ಲ, ವಿಮಾನದ ಚರಿತ್ರೆ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ರಾಯದುರ್ಗ–ತುಮಕೂರು ರೈಲು ಮಾರ್ಗದ ಹೆಸರು ಕೇಳುತ್ತಲೇ ಪಾವಗಡ, ಮಧುಗಿರಿ, ಕೊರಟಗೆರೆಯಲ್ಲಿ ಒಂದು ತಲೆಮಾರು ಮುಗೀತಾ ಬಂತು. ಆದರೆ ಇದೇ ತಾಲ್ಲೂಕುಗಳಿಂದ, ಜೀವಮಾನದಲ್ಲಿ ಒಮ್ಮೆಯೂ ಮೈಸೂರು ನೋಡದವರು ಸಹ, ಚಾರ್ಟರ್ ವಿಮಾನ ಹತ್ತಿ ಸಮುದ್ರ ದಾಟಿದ್ದಾರೆ. ವರ್ಷಕ್ಕೊಂದು ಬಾರಿ, ಬೆಂಗಳೂರಿನಿಂದ ಜೆದ್ದಾಗೆ ಅಥವಾ ಮದೀನಾಕ್ಕೆ. ಹಜ್ ಯಾತ್ರೆಗೆ. ನಮ್ಮ ಕಡೆಯ ಚಾರ್ಟರ್ ವಿಮಾನ ಅಂದ್ರೆ ಅದೇ.

ಚಾರ್ಟರ್ ಅಂದ್ರೇನು ಅಂತ ಮೊದಲು ಹೇಳಿಬಿಡ್ತೀನಿ. ಮದುವೆ ಸೀಸನ್ನಿನಲ್ಲಿ ಕೆಎಸ್ಸಾರ್ಟಿಸಿ ಬಸ್ಸಿನ ಮುಂದೆ ‘ಸಾಂದರ್ಭಿಕ ಒಪ್ಪಂದ’ ಅಂತ ಬೋರ್ಡ್ ಇರುತ್ತಲ್ಲ, ಅದು ಚಾರ್ಟರ್. ಅಂಥ ಬಸ್ಸಿನಲ್ಲಿ ಕೂತಾಗ ನೀವೊಂದು ವಿಷಯ ಗಮನಿಸಿರಬೇಕು. ಹಿಂದಿನ ಸೀಟಿನಲ್ಲಿರೋ ಅಜ್ಜಿ ‘ಡಾಬಸ್‌ಪೇಟೆ ಹತ್ರ ಒಂದೈದು ನಿಮಿಷ ನಿಲ್ಸಪ್ಪಾ’ ಅಂದ್ರೆ ಡ್ರೈವರ್ ತಿರುಗಿ ನೋಡಲ್ಲ. ಬಾಡಿಗೆ ಮಾತಾಡಿದ ಹುಡುಗಿ ಸೋದರಮಾವ ಹೇಳ್ಬೇಕು, ಆಗ ನಿಲ್ಲುತ್ತೆ. ಅದೇ ಅಜ್ಜಿ ನಾಳೆ ಟಿಕೆಟ್ ತಗೊಂಡು ಮಾಮೂಲಿ ಬಸ್ ಹತ್ತಿದರೆ ಕಂಡಕ್ಟರ್ ಅವಳಿಗೆ ಉತ್ತರ ಕೊಡಲೇಬೇಕು. ಕೂತವರು ಬೇರೆ, ಬಾಡಿಗೆ ಹಿಡಿದವರು ಬೇರೆ. ಚಾರ್ಟರಿನ ಚರಿತ್ರೆ ಪೂರ್ತಿ ಈ ಎರಡರ ನಡುವಿನ ಸಂದಿಯಲ್ಲೇ ನಡೆದಿದೆ ಅನ್ನೋದು ನನ್ನ ಲೆಕ್ಕ.

ಪ್ರವಾಸದ ಚಾರ್ಟರ್ ವಿಮಾನ ಶುರುವಾದದ್ದು ಇಂಗ್ಲೆಂಡಿನಲ್ಲಿ, 1950ರ ಮೇ ತಿಂಗಳಲ್ಲಿ. ವ್ಲಾದಿಮಿರ್ ರೈಟ್ಸ್ ಅನ್ನೋ ಯುವಕ ಹೊರೈಝನ್ ಹಾಲಿಡೇಸ್ ಅಂತ ಒಂದು ಕಂಪನಿ ಮಾಡಿ, ಯುದ್ಧ ಮುಗಿದ ಮೇಲೆ ಉಳಿದಿದ್ದ ಡಕೋಟಾ ವಿಮಾನ ಬಾಡಿಗೆಗೆ ಹಿಡಿದು, ಜನರನ್ನ ಕಾರ್ಸಿಕಾ ದ್ವೀಪಕ್ಕೆ ಕರ್ಕೊಂಡು ಹೋದ. ಪ್ರಯಾಣ, ಊಟ, ಡೇರೆಯಲ್ಲಿ ವಾಸ ಎಲ್ಲ ಸೇರಿ 32 ಪೌಂಡ್ 10 ಶಿಲ್ಲಿಂಗ್. ಸರ್ಕಾರಿ ವಿಮಾನ ಕಂಪನಿಗೆ ಪೆಟ್ಟು ಬೀಳಬಾರದು ಅಂತ ಅಲ್ಲಿನ ಇಲಾಖೆ ಅವನಿಗೊಂದು ಷರತ್ತು ಹಾಕಿತ್ತು: ಮೇಷ್ಟ್ರುಗಳು ಮತ್ತು ವಿದ್ಯಾರ್ಥಿಗಳನ್ನ ಮಾತ್ರ ಕರ್ಕೊಂಡು ಹೋಗಬೇಕು. ಅಂದ್ರೆ ಹುಟ್ಟಿದ ದಿನದಿಂದಲೇ ಚಾರ್ಟರ್ ಪ್ರಯಾಣಿಕ ‘ನಾನು ಇಂಥವನು’ ಅಂತ ಸಾಬೀತು ಮಾಡಬೇಕಾದವನು. ದುಡ್ಡು ಕೊಟ್ಟರೆ ಸಾಲದು.

ಮುಂದೆ ಅಟ್ಲಾಂಟಿಕ್ ದಾಟುವ ಚಾರ್ಟರ್‌ಗಳು ಬಂದಾಗ ಈ ನಿಯಮ ಇನ್ನೂ ವಿಚಿತ್ರವಾಯ್ತು. ಕಡಿಮೆ ದರದ ಸೀಟು ಬೇಕಾದ್ರೆ ನೀವು ಯಾವುದಾದ್ರೂ ಸಂಘದ ಸದಸ್ಯರಾಗಿರಬೇಕು, ಸದಸ್ಯರಾಗಿ ಆರು ತಿಂಗಳಾಗಿರಬೇಕು, ಆ ಸಂಘ ಬರೀ ಪ್ರಯಾಣಕ್ಕೋಸ್ಕರ ಕಟ್ಟಿದ್ದಾಗಿರಬಾರದು. ಜನ ಸುಮ್ಮನಿರ್ತಾರಾ? ರಾತ್ರೋರಾತ್ರಿ ಸಂಘಗಳು ಹುಟ್ಟಿದವು. ಫ್ರೆಡ್ಡಿ ಲೇಕರ್ ಅವರ ವಿಮಾನದಲ್ಲಿ ಹೋಗೋಕೆ ‘ಎಡಗೈ ಸಂಘ’ ಅಂತ ಒಂದಿತ್ತು. 1971ರಲ್ಲಿ ಅಧಿಕಾರಿಗಳು ಏರ್‌ಪೋರ್ಟಿಗೇ ಬಂದು ಆ ಸಂಘದವರನ್ನ ಒಬ್ಬೊಬ್ಬರಾಗಿ ನಿಲ್ಲಿಸಿ ವಿಚಾರಣೆ ಮಾಡಿ ಕೆಲವರನ್ನ ವಾಪಸ್ ಕಳಿಸಿದರು. ರಜೆ ಕಳೆಯೋಕೆ ಹೊರಟ ಸಾಮಾನ್ಯ ಜನ, ಕಳ್ಳರ ಥರ ಸಾಲಿನಲ್ಲಿ. ಲೇಕರ್‌ಗೆ ಇದು ಎಷ್ಟು ಚುಚ್ಚಿತು ಅಂದ್ರೆ, ಯಾವ ಸಂಘವೂ ಬೇಡ, ಬಂದು ಟಿಕೆಟ್ ತಗೊಂಡು ಹತ್ತಿ ಅನ್ನುವ ಸ್ಕೈಟ್ರೇನ್ ಯೋಜನೆಗೆ ಅದೇ ವರ್ಷ ಅರ್ಜಿ ಹಾಕಿದರು. ಅದು ಹಾರಿದ್ದು 1977ರಲ್ಲಿ, ಮುಳುಗಿದ್ದು 1982ರಲ್ಲಿ. ಇರ್ಲಿ, ಅದು ಬೇರೆ ಕಥೆ.

ನಮ್ಮ ಪಕ್ಕದ ಗೋವಾಕ್ಕೆ ಪ್ರವಾಸಿ ಚಾರ್ಟರ್‌ಗಳು ಬರೋಕೆ ಶುರುವಾದದ್ದು 1980ರ ದಶಕದಲ್ಲಿ. ಆದರೆ ಅವು ಬರುವ ಚಾರ್ಟರ್‌ಗಳು. ನಮ್ಮವರು ಹೋಗುವ ಚಾರ್ಟರಿಗೆ ಬರ್ತೀನಿ.

ಇದಕ್ಕೆ ಶಿರಾದ ಕೋಟೆ ಹತ್ತಿರದಿಂದ ಶುರು ಮಾಡಬೇಕು. ಶಿರಾ ಒಂದು ಕಾಲಕ್ಕೆ ದೆಹಲಿಗೆ ನೇರ ಕಪ್ಪ ಕಟ್ಟುತ್ತಿದ್ದ ಊರು. ಬಿಜಾಪುರದವರ ಕೈಲಿದ್ದಾಗ ಮಲಿಕ್ ರಿಹಾನ್ ಇಲ್ಲಿ ಆಡಳಿತ ನಡೆಸಿದ್ದ, ಅವನ ದರ್ಗಾ ಈಗಲೂ ಇದೆ. 1687ರಲ್ಲಿ ಔರಂಗಜೇಬನ ಸೇನಾಪತಿ ಕಾಸಿಂ ಖಾನ್ ಬಂದ ಮೇಲೆ ಶಿರಾ ಒಂದು ಮೊಘಲ್ ಪ್ರಾಂತ್ಯದ ರಾಜಧಾನಿಯಾಯ್ತು. ಮೈಸೂರು ಒಡೆಯರ ಜತೆಗಿನ ವ್ಯವಹಾರ ಕೂಡ ಇಲ್ಲಿಂದಲೇ. ದಿಲಾವರ್ ಖಾನನ ಕಾಲದಲ್ಲಿ ಊರು ಎಷ್ಟು ಬೆಳೆದಿತ್ತು ಅಂದ್ರೆ, ಇಲ್ಲಿನ ಖಾನ್ ಬಾಗ್ ನೋಡಿಯೇ ಹೈದರಾಲಿ ಬೆಂಗಳೂರಿನ ಲಾಲ್‌ಬಾಗ್ ಮಾಡಿಸಿದ ಅನ್ನೋ ಮಾತಿದೆ. ಶಿರಾದ ಕಲ್ಲಿನ ಜಾಮಿಯಾ ಮಸೀದಿಯ ಕಾಲ 1696.

ಆ ಇಸವಿಯನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. ಅದರ ಹಿಂದಿನ ವರ್ಷ, 1695ರ ಸೆಪ್ಟೆಂಬರಿನಲ್ಲಿ, ಔರಂಗಜೇಬನದೇ ಹಡಗು ‘ಗಂಜ್-ಎ-ಸವಾಯಿ’ ಕೆಂಪು ಸಮುದ್ರದ ಕಡೆಯಿಂದ ಸೂರತ್‌ಗೆ ವಾಪಸ್ ಬರ್ತಾ ಇತ್ತು. ಹಡಗಿನ ತುಂಬ ಸರಕು, ಜತೆಗೆ ಹಜ್ ಮುಗಿಸಿದ ಯಾತ್ರಿಕರು. ಹೆನ್ರಿ ಎವ್ರಿ ಅನ್ನೋ ಇಂಗ್ಲಿಷ್ ಕಡಲ್ಗಳ್ಳ ಅದನ್ನ ಹಿಡಿದು, ಪ್ರಯಾಣಿಕರನ್ನ ಹಿಂಸಿಸಿ, ಹೆಂಗಸರ ಮೇಲೆ ಕೈಮಾಡಿ ದೋಚಿದ. ಸುದ್ದಿ ಕೇಳಿದ ಬಾದಷಹ ಸೂರತ್‌ನಲ್ಲಿದ್ದ ಇಂಗ್ಲಿಷ್ ಕಂಪನಿಯವರನ್ನೆಲ್ಲ ಹಿಡಿದು ಕೂಡಿಹಾಕಿಸಿದ. ಕಂಪನಿ ನಷ್ಟ ತುಂಬಿಕೊಡಬೇಕಾಯ್ತು. ನನಗೆ ಇಲ್ಲಿ ಮುಖ್ಯ ಅನ್ನಿಸೋದು ಕಳ್ಳತನ ಅಲ್ಲ. ಆ ಹಡಗಿನ ಒಡೆಯ ಯಾರೋ ಅವನೇ ಪ್ರಯಾಣಿಕರ ಪರವಾಗಿ ನಿಂತ. ಅದು ಅವನ ಮರ್ಯಾದೆಯ ಪ್ರಶ್ನೆಯಾಗಿತ್ತು. ಸೂರತ್‌ಗೆ ‘ಮೆಕ್ಕಾದ ಬಾಗಿಲು’ ಅಂತ ಹೆಸರಿದ್ದ ಕಾಲ ಅದು.

ಆವಿ ಹಡಗು ಬಂದ ಮೇಲೆ ಆ ಸಂಬಂಧ ಕಡಿದುಹೋಯ್ತು. ಹಡಗಿನ ಒಡೆಯನೊಬ್ಬ, ಅದನ್ನ ಬಾಡಿಗೆ ಹಿಡಿದ ಸಾಹುಕಾರ ಇನ್ನೊಬ್ಬ, ಟಿಕೆಟ್ ಮಾರುವ ದಲ್ಲಾಳಿ ಮತ್ತೊಬ್ಬ. ಪ್ರಯಾಣಿಕ ಯಾರಿಗೂ ಸೇರಿದವನಲ್ಲ. ತಲೆಗೆ ಇಷ್ಟು ಅಂತ ದುಡ್ಡು, ಹಾಗಾಗಿ ತಲೆ ಜಾಸ್ತಿ ತುಂಬಿದಷ್ಟೂ ಲಾಭ.

1880ರಲ್ಲಿ ನಡೆದದ್ದು ಕೇಳಿ. ‘ಜೆದ್ದಾ’ ಅನ್ನೋ ಹೆಸರಿನದೇ ಒಂದು ಹಡಗು ಸಿಂಗಾಪುರದಿಂದ 900ಕ್ಕೂ ಹೆಚ್ಚು ಹಜ್ ಯಾತ್ರಿಕರನ್ನ ತುಂಬಿಕೊಂಡು ಹೊರಟಿತು. ಆಗಸ್ಟ್ ತಿಂಗಳು, ಬಿರುಗಾಳಿ, ಹಡಗಿನೊಳಗೆ ನೀರು. ಕ್ಯಾಪ್ಟನ್ ಮತ್ತು ಅವನ ಬಿಳಿ ಅಧಿಕಾರಿಗಳು ರಾತ್ರಿ ದೋಣಿ ಇಳಿಸಿ ತಾವು ಮಾತ್ರ ಪಾರಾದರು. ಏಡನ್ ಬಂದರಿಗೆ ಬಂದು, ಹಡಗು ಮುಳುಗಿತು, ಪ್ರಯಾಣಿಕರೆಲ್ಲ ಹೋದರು ಅಂತ ವರದಿ ಕೊಟ್ಟರು. ಮಾರನೇ ದಿನವೇ ಇನ್ನೊಂದು ಹಡಗು ಅದೇ ‘ಜೆದ್ದಾ’ವನ್ನ ಎಳೆದುಕೊಂಡು ಏಡನ್‌ಗೆ ಬಂತು, ಯಾತ್ರಿಕರು ಜೀವಂತವಾಗಿದ್ದರು! ವಿಚಾರಣೆ ನಡೆದು ಕ್ಯಾಪ್ಟನ್ನನ ಲೈಸೆನ್ಸ್ ಮೂರು ವರ್ಷ ಅಮಾನತಾಯ್ತು. ಬರೀ ಮೂರು ವರ್ಷ. ಜೋಸೆಫ್ ಕಾನ್ರಾಡ್ ಇದೇ ಘಟನೆ ಇಟ್ಟುಕೊಂಡು ‘ಲಾರ್ಡ್ ಜಿಮ್’ ಕಾದಂಬರಿ ಬರೆದ. ಅದರಲ್ಲಿ ಓಡಿಹೋದ ಅಧಿಕಾರಿಯ ಮನಸ್ಸಿನ ನೋವು ಪುಟಗಟ್ಟಲೆ ಇದೆ. ಹಡಗಿನಲ್ಲಿ ಉಳಿದು ನೀರು ಮೊಗೆದವರ ಮಾತು ಅಷ್ಟು ಕೇಳಿಸಲ್ಲ.

ಇಂಥ ಹಗರಣಗಳು ಹೆಚ್ಚಾದಾಗ ಬ್ರಿಟಿಷ್ ಇಂಡಿಯಾ ಸರ್ಕಾರ 1886ರಲ್ಲಿ ಒಂದು ಹೊಸ ದಾರಿ ಹುಡುಕಿತು. ಜಗತ್ತಿನ ದೊಡ್ಡ ಪ್ರವಾಸಿ ಏಜೆಂಟ್ ಥಾಮಸ್ ಕುಕ್ ಕಂಪನಿಗೆ ಹಜ್ ಯಾತ್ರೆಯ ಉಸ್ತುವಾರಿ ವಹಿಸಿತು. ಯೂರೋಪಿನ ಸಾಹೇಬರಿಗೆ ಈಜಿಪ್ಟ್ ತೋರಿಸುತ್ತಿದ್ದ ಕಂಪನಿ ನಮ್ಮ ಯಾತ್ರಿಕರಿಗೆ ರೈಲು–ಹಡಗಿನ ಟಿಕೆಟ್ ಮಾಡಿಕೊಡೋದು! ಕಲ್ಪನೆ ಚೆನ್ನಾಗಿತ್ತು. ಕೆಲವು ವರ್ಷ ನಡೆದು, ಲೆಕ್ಕ ಕೂಡದೆ ನಿಂತುಹೋಯ್ತು. ಬಡ ಯಾತ್ರಿಕನಿಂದ ಲಾಭ ಬರಲ್ಲ ಅಂತ ಗೊತ್ತಾಗೋಕೆ ಅಷ್ಟು ಹೊತ್ತು ಬೇಕಾಯ್ತು.

ಅಷ್ಟು ಹೊತ್ತಿಗೆ ನಮ್ಮ ಕಡೆಗೂ ರೈಲು ಹತ್ತಿರ ಬಂದಿತ್ತು. ಬೆಂಗಳೂರು–ತುಮಕೂರು ಮಾರ್ಗ 1884ರಲ್ಲಿ ತೆರೆಯಿತು, ಕೆಲವೇ ವರ್ಷಗಳಲ್ಲಿ ಹರಿಹರ, ಹುಬ್ಬಳ್ಳಿ ದಾಟಿ ಪುಣೆಯ ಕಡೆ ಸೇರಿತು. ಶಿರಾ, ಮಧುಗಿರಿ, ಕೊರಟಗೆರೆಯವರಿಗೆ ಎತ್ತಿನ ಗಾಡಿ ಕಟ್ಟಿಕೊಂಡು ತುಮಕೂರು ಮುಟ್ಟಿದರೆ ಬೊಂಬಾಯಿಗೆ ದಾರಿ ಸಿಕ್ಕಿತು. ಪಾವಗಡದವರಿಗೆ ಹಿಂದೂಪುರ ಹತ್ತಿರ. ಪಾವಗಡದ ಕಡೆ ತೆಲುಗಿನ ಬಳಕೆ ಜಾಸ್ತಿ ನೋಡಿ, ಅಲ್ಲಿ ಒಂದು ಗಾದೆ ಇದೆ: ಕಾಶಿಗೆ ಹೋದವನೂ ಕಾಟಿಗೆ ಹೋದವನೂ ಒಂದೇ ಅಂತ. ಕಾಟಿ ಅಂದ್ರೆ ಸುಡುಗಾಡು. ಹಜ್‌ಗೆ ಹೊರಡೋರೂ ಅದೇ ಲೆಕ್ಕದಲ್ಲಿ ಹೊರಡ್ತಿದ್ದರು. ಸಾಲ ತೀರಿಸಿ, ಹಂಚೋದನ್ನ ಹಂಚಿ, ಕೇರಿಯಲ್ಲಿ ಮನೆಮನೆಗೆ ಹೋಗಿ ‘ತಪ್ಪಾಗಿದ್ರೆ ಮಾಫ್ ಮಾಡಿ’ ಅಂತ ಕೈಹಿಡಿದು ಕೇಳಿ ಹೊರಡೋದು. ಈಗಲೂ ಕೇಳ್ತಾರೆ. ಆ ಮನೆಗಳಲ್ಲಿ ಹಿಂದೂಗಳ ಮನೆಗಳೂ ಇರ್ತವೆ. ವಾಪಸ್ ಬಂದಾಗ ಆ ಮನೆಗಳಿಗೆ ಖರ್ಜೂರ, ಝಮ್‌ಝಮ್ ನೀರು ಬರುತ್ತೆ. ಕಾಶಿಯಿಂದ ಬಂದವರು ಗಂಗೆ ತಂಬಿಗೆ ಹಂಚಿದ ಹಾಗೆ.

ಬೊಂಬಾಯಿಯಲ್ಲಿ ಹಡಗಿಗೆ ಕಾಯುವವರು ಮುಸಾಫಿರ್‌ಖಾನಾದಲ್ಲಿ ಇಳಿದುಕೊಳ್ತಿದ್ದರು. ಹಡಗು ಹತ್ತಿದ ಮೇಲೆ ಕಾಮರಾನ್. ಇದು ಯೆಮೆನ್ ಹತ್ತಿರ ಕೆಂಪು ಸಮುದ್ರದ ಒಂದು ಸಣ್ಣ ದ್ವೀಪ. 1865ರಲ್ಲಿ ಹಜ್ ಸಮಯದಲ್ಲಿ ಕಾಲರಾ ಹಬ್ಬಿ ಯೂರೋಪಿಗೂ ಮುಟ್ಟಿದ ಮೇಲೆ, ದೇಶದೇಶದವರು ಸಭೆ ಸೇರಿ, ಕೊನೆಗೆ 1882ರಲ್ಲಿ ತುರ್ಕಿ ಸರ್ಕಾರ ಕಾಮರಾನ್‌ನಲ್ಲಿ ಯಾತ್ರಿಕರನ್ನ ತಡೆಹಿಡಿಯುವ ಕ್ವಾರಂಟೈನ್ ಠಾಣೆ ಮಾಡಿತು. ಹಡಗಿಂದ ಇಳಿಸಿ, ಬಟ್ಟೆ ಬಿಚ್ಚಿಸಿ ಹಬೆಯಲ್ಲಿ ಬೇಯಿಸಿ, ಸ್ನಾನ ಮಾಡಿಸಿ, ದಿನಗಟ್ಟಲೆ ಗುಡಿಸಲುಗಳಲ್ಲಿ ಇಡೋದು, ಅದಕ್ಕೆ ಯಾತ್ರಿಕರಿಂದಲೇ ಶುಲ್ಕ ವಸೂಲಿ. ರೋಗ ತಡೆಯೋದು ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಸಮುದ್ರದಲ್ಲಿ ಸೂಯೆಜ್ ಕಡೆ ಹೋಗುವ ಮೊದಲ ದರ್ಜೆಯ ಪ್ರಯಾಣಿಕರನ್ನ ಯಾರೂ ದ್ವೀಪದಲ್ಲಿ ಇಳಿಸಿ ಬಟ್ಟೆ ಬಿಚ್ಚಿಸಲಿಲ್ಲ. ಇವತ್ತು ಏರ್‌ಪೋರ್ಟಿನಲ್ಲಿ ಕಾಣುವ ಬೇರೆ ಸಾಲು ಇದೆಯಲ್ಲ, ಅದರ ಹಳೇ ವಿಳಾಸ ಕಾಮರಾನ್. ಅದು ಮುಚ್ಚಿದ್ದು 1950ರ ದಶಕದಲ್ಲಿ.

ಸ್ವಾತಂತ್ರ್ಯ ಬಂದ ಮೇಲೆ ಬಾಡಿಗೆ ಹಿಡಿಯುವ ಸೋದರಮಾವನ ಜಾಗಕ್ಕೆ ಸರ್ಕಾರವೇ ಬಂತು. 1959ರಲ್ಲಿ ಹಜ್ ಸಮಿತಿ ಕಾನೂನು. ಅದೇ ವರ್ಷ ರಿಸರ್ವ್ ಬ್ಯಾಂಕ್ 10 ಮತ್ತು 100 ರೂಪಾಯಿಯ ವಿಶೇಷ ಹಜ್ ನೋಟು ಅಚ್ಚು ಹಾಕಿತು, ಸಂಖ್ಯೆಯ ಮೊದಲಿಗೆ ‘ಎಚ್‌ಎ’ ಅನ್ನೋ ಅಕ್ಷರ. ಇಲ್ಲಿ ನಡೆಯಲ್ಲ, ಅಲ್ಲಿ ಮಾತ್ರ ನಡೆಯುತ್ತೆ. ಚಿನ್ನದ ಕಳ್ಳಸಾಗಣೆ ತಡೆಯೋದು, ವಿದೇಶಿ ವಿನಿಮಯ ಉಳಿಸೋದು ಉದ್ದೇಶ. ಪಾಸ್‌ಪೋರ್ಟಿನ ಬದಲು ‘ಪಿಲ್‌ಗ್ರಿಮ್ ಪಾಸ್’ ಅಂತ ಒಂದು ಕಾಗದ, ಒಂದು ಯಾತ್ರೆಗೆ ಮಾತ್ರ. ಬಡವರಿಗೆ ಅನುಕೂಲವಾಗಲಿ ಅಂತಲೇ ಮಾಡಿದ್ದು, ಸುಳ್ಳಲ್ಲ. ಪಾಸ್‌ಪೋರ್ಟ್ ಮಾಡಿಸೋದು ಆಗ ದೊಡ್ಡ ಹರಸಾಹಸ. ಆದ್ರೂ ಯೋಚನೆ ಮಾಡಿ: ದುಡ್ಡೂ ಬೇರೆ, ಗುರುತಿನ ಕಾಗದವೂ ಬೇರೆ. ಆ ದೇಶದ ಕೌಂಟರಿನವನ ಕೈಗೆ ಈ ಕಾಗದ ಕೊಟ್ಟ ಕ್ಷಣವೇ ಇವರು ಒಂಟಿಯಾಗಿ ಬಂದವರಲ್ಲ, ಲೋಡಿನಲ್ಲಿ ಬಂದವರು ಅಂತ ಅವನಿಗೆ ಗೊತ್ತಾಗುತ್ತೆ. ಎಲ್ಲರಿಗೂ ಮಾಮೂಲಿ ಪಾಸ್‌ಪೋರ್ಟೇ ಆಗಬೇಕು ಅಂತ ಸೌದಿಯವರು ಪಟ್ಟು ಹಿಡಿದ ಮೇಲೆ, 2009–10ರ ಹೊತ್ತಿಗೆ, ಆ ಪದ್ಧತಿ ಹೋಯ್ತು. ನನ್ನ ಪ್ರಕಾರ ಅದು ಸದ್ದಿಲ್ಲದೆ ಆದ ದೊಡ್ಡ ಬದಲಾವಣೆ. ಪಾವಗಡದ ಒಬ್ಬ ಬೀಡಿ ಕಟ್ಟುವ ಹೆಂಗಸಿನ ಹೆಸರಿಗೆ ಹತ್ತು ವರ್ಷದ ಪಾಸ್‌ಪೋರ್ಟ್ ಬಂತು ಅಂದ್ರೆ ಸಣ್ಣ ಮಾತಲ್ಲ.

ಮಧುಗಿರಿಯ ಒಬ್ಬ ಹಿರಿಯರು 80ರ ದಶಕದಲ್ಲಿ ಹಡಗಿನಲ್ಲಿ ಹೋಗಿ ಬಂದವರು. ಹೆಸರು ಬೇಡ ಅಂದ್ರು. ಅವರ ಮಾತನ್ನ ಹಾಗೇ ಹೇಳ್ತೀನಿ: ‘ಹಡಗಲ್ಲಿ ವಾರದ ಮೇಲಾಗೋದು ಕಣಪ್ಪಾ. ವಾಂತಿ, ವಾಸನೆ, ಎಲ್ಲಾ ಇತ್ತು. ಆದ್ರೆ ಖಲಾಸಿಗಳಿಗೆ ನಮ್ಮ ಮುಖ ಗುರುತಾಗೋದು. ಮೂರನೇ ದಿನಕ್ಕೆ ಚಾಚಾ ಅನ್ನೋರು. ನಮ್ಮ ಹುಡುಗ ವಿಮಾನದಲ್ಲಿ ಹೋದ, ಐದಾರು ಗಂಟೆ. ಅಷ್ಟ್ರಲ್ಲಿ ಯಾರು ಯಾರ್ಗೆ ಗುರ್ತಾಗ್ತಾರೆ?’

ಹಡಗು ಯಾತ್ರೆ 1995ಕ್ಕೆ ಮುಗೀತು. ‘ಅಕ್ಬರಿ’ ಕೊನೆಯ ಹಡಗು. ಅಲ್ಲಿಂದ ಮುಂದೆ ಪೂರ್ತಿ ಚಾರ್ಟರ್ ವಿಮಾನ.

ಹಜ್ ಚಾರ್ಟರಿನ ಲೆಕ್ಕ ಮಾಮೂಲಿ ಪ್ರವಾಸದ ಚಾರ್ಟರಿಗಿಂತ ಬೇರೆ, ಇದನ್ನ ಬಿಡಿಸಿ ಹೇಳಲೇಬೇಕು. ಗೋವಾಕ್ಕೆ ಬರುವ ವಿಮಾನ ಹೊಸ ಗುಂಪನ್ನ ಇಳಿಸಿ, ಎರಡು ವಾರ ಹಿಂದೆ ಬಂದ ಗುಂಪನ್ನ ವಾಪಸ್ ಹತ್ತಿಸಿಕೊಂಡು ಹೋಗುತ್ತೆ. ಸೀಸನ್ನಿನ ಶುರುವಿಗೊಂದು, ಕೊನೆಗೊಂದು ಖಾಲಿ ಹಾರಾಟ, ಅಷ್ಟೇ. ಹಜ್ ಹಾಗಲ್ಲ. ಝಿಲ್ ಹಜ್ ತಿಂಗಳ 8ನೇ ತಾರೀಖಿನಿಂದ ಐದಾರು ದಿನದ ವಿಧಿಗಳು, ಎಲ್ಲರೂ ಅದೇ ದಿನಗಳಲ್ಲಿ ಅಲ್ಲಿರಲೇಬೇಕು. ಹಾಗಾಗಿ ಅದಕ್ಕೆ ಮುಂಚಿನ ವಾರಗಳಲ್ಲಿ ವಿಮಾನಗಳು ತುಂಬಿ ಹೋಗಿ ಖಾಲಿ ಬರುತ್ತವೆ, ಆಮೇಲೆ ಖಾಲಿ ಹೋಗಿ ತುಂಬಿ ಬರುತ್ತವೆ. ಒಬ್ಬ ಯಾತ್ರಿಕನ ಒಂದು ಹೋಗಿಬರುವ ಟಿಕೆಟ್‌ಗೆ ವಿಮಾನ ಎರಡು ಸಲ ಹೋಗಿ ಬಂದಿರುತ್ತೆ. ಅದಕ್ಕೇ ದರ ಜಾಸ್ತಿ. ಅದರ ಮೇಲೆ ಚಾಂದ್ರಮಾನ ಲೆಕ್ಕ, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತೆ. ನಮ್ಮ ರೈತರಿಗೆ ಒಂದು ಕಾಲದಲ್ಲಿ ಕಡ್ಲೆಕಾಯಿ ಕಿತ್ತು ದುಡ್ಡು ಕೈಗೆ ಬಂದ ಹೊತ್ತಿಗೆ ಹಜ್, ಇನ್ನೊಂದು ಕಾಲದಲ್ಲಿ ಬಿತ್ತನೆಗೆ ಸಾಲ ಮಾಡುವ ಹೊತ್ತಿಗೆ ಹಜ್.

ಈ ಜಾಸ್ತಿ ದರದ ವ್ಯತ್ಯಾಸ ತುಂಬೋಕೆ ಕೊಡ್ತಿದ್ದದ್ದೇ ಹಜ್ ಸಬ್ಸಿಡಿ. ಅದು ಯಾತ್ರಿಕನ ಕೈಗೆ ಬರ್ತಿರಲಿಲ್ಲ, ವಿಮಾನ ಕಂಪನಿಗೆ ಹೋಗ್ತಿತ್ತು. ಯಾವ ಕಂಪನಿ, ಎಷ್ಟು ದರ ಅಂತ ಆರಿಸೋ ಹಕ್ಕೂ ಅವನಿಗಿರಲಿಲ್ಲ. ಆದರೆ ಸಂತೆಯಲ್ಲಿ, ಬಸ್ಸಿನಲ್ಲಿ ‘ಸರ್ಕಾರದ ದುಡ್ಡಲ್ಲಿ ಹೋಗೋರು’ ಅನ್ನೋ ಮಾತು ಕೇಳಿಸಿಕೊಂಡವನು ಮಾತ್ರ ಅವನೇ. 2012ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇದನ್ನ ಹತ್ತು ವರ್ಷದೊಳಗೆ ಹಂತಹಂತವಾಗಿ ನಿಲ್ಲಿಸಿ ಅಂದಿತು. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ನಿಲ್ಲಿಸಿಯೇಬಿಟ್ಟಿತು. ನನಗೆ ಸಬ್ಸಿಡಿ ಬಗ್ಗೆ ಯಾವ ವ್ಯಾಮೋಹವೂ ಇಲ್ಲ. ಮಾನಸ ಸರೋವರಕ್ಕೆ ಹೋದವರಿಗೆ ನಮ್ಮ ರಾಜ್ಯ ಸರ್ಕಾರ 30,000 ರೂಪಾಯಿ ಕೊಡುತ್ತಲ್ಲ, ಅದು ಹೋದವರ ಖಾತೆಗೇ ಬೀಳುತ್ತೆ. ಕೊಡೋದಾದ್ರೆ ಹಾಗೆ ಕೊಡಬೇಕು. ದುಡ್ಡು ಕೈಲಿದ್ದವನಿಗೆ ಕೌಂಟರಿನಲ್ಲಿ ಕೇಳೋ ಧೈರ್ಯ ಇರುತ್ತೆ.

ಕೇಳೋ ಧೈರ್ಯ ಇಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ ಒಂದು ಘಟನೆ ಹೇಳ್ತೀನಿ, ಇದು ನಮ್ಮವರದ್ದಲ್ಲ, ನೈಜೀರಿಯಾದವರದ್ದು. 1991ರ ಜುಲೈ 11. ಜೆದ್ದಾದಿಂದ ನೈಜೀರಿಯಾದ ಸೊಕೊಟೊಗೆ ಹಜ್ ಯಾತ್ರಿಕರನ್ನ ವಾಪಸ್ ಕರ್ಕೊಂಡು ಹೋಗಬೇಕಾದ ವಿಮಾನ. ಟಿಕೆಟ್ ನೈಜೀರಿಯಾ ಏರ್‌ವೇಸ್ ಹೆಸರಲ್ಲಿ, ವಿಮಾನ ಮತ್ತು ಸಿಬ್ಬಂದಿ ನೇಶನ್‌ಏರ್ ಅನ್ನೋ ಕೆನಡಾ ಕಂಪನಿಯದ್ದು. ಎರಡು ಟೈರುಗಳಲ್ಲಿ ಗಾಳಿ ಕಡಿಮೆ ಇದೆ ಅಂತ ಮೆಕ್ಯಾನಿಕ್‌ಗೆ ಗೊತ್ತಿತ್ತು. ತುಂಬಬೇಕಾದ ನೈಟ್ರೋಜನ್ ಆ ಹೊತ್ತಿಗೆ ಸಿಗಲಿಲ್ಲ. ಕಾದರೆ ತಡವಾಗುತ್ತೆ. ಬಾಡಿಗೆಯ ವೇಳಾಪಟ್ಟಿ ನೋಡಿಕೊಳ್ಳುತ್ತಿದ್ದ ಕಂಪನಿಯ ಮ್ಯಾನೇಜರ್ ಹಾಗೇ ಹೊರಡಿಸಿದ. ಓಡುವಾಗಲೇ ಟೈರ್ ಸಿಡಿದು ಹೊತ್ತಿಕೊಂಡಿತು, ಚಕ್ರ ಒಳಗೆ ಮಡಚಿದಾಗ ಬೆಂಕಿಯೂ ವಿಮಾನದ ಹೊಟ್ಟೆಯೊಳಗೆ ಹೋಯ್ತು. ವಾಪಸ್ ಇಳಿಸೋಕೆ ಪ್ರಯತ್ನಿಸಿದರು, ರನ್‌ವೇ ಮುಟ್ಟಲಿಲ್ಲ. 247 ಯಾತ್ರಿಕರು, 14 ಸಿಬ್ಬಂದಿ, 261 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ 14 ಜನರಲ್ಲಿ ವಿಮಾನ ಹೊರಡಲಿ ಅಂದ ಮ್ಯಾನೇಜರೂ ಆ ಮೆಕ್ಯಾನಿಕ್ಕೂ ಇದ್ದರು.

ಒಳಗೆ ಕೂತ ಸಿಬ್ಬಂದಿಯೂ ಪ್ರಯಾಣಿಕರ ಹಾಗೆಯೇ ಒಪ್ಪಂದದವರು ಅನ್ನೋದು ಅಲ್ಲಿ ನನ್ನನ್ನ ಕಾಡುವ ವಿಷಯ. ಒಮ್ಮೆ ಕೊಲ್ಲಿಯ ಒಂದು ಏರ್‌ಪೋರ್ಟಿನಲ್ಲಿ ವಿಮಾನ ಬದಲಾಯಿಸುವಾಗ ನಾನೇ ಇದನ್ನ ಹತ್ತಿರದಿಂದ ನೋಡಿದೆ. ಎರಡು ಸಾಲು, ಒಬ್ಬನೇ ಹುಡುಗ. ನನ್ನ ಸಾಲಿನವರಿಗೆ ‘ಸರ್, ಮೇಡಂ’. ಪಕ್ಕದ ಸಾಲಿನಲ್ಲಿ ಗುಂಪಾಗಿ ಬಂದ ಕೂಲಿಯವರಿಗೆ, ಉರ್ದುವಿನಲ್ಲಿ, ‘ಏ, ಹಿಂದೆ ಹೋಗು’. ಆ ಹುಡುಗ ನಮ್ಮ ದೇಶದವನೇ, ಮಾತಿನ ಧಾಟಿ ಹೈದರಾಬಾದಿನದು. ಅವನ ಕುತ್ತಿಗೆಯ ಪಟ್ಟಿಯ ಮೇಲೆ ಏರ್‌ಪೋರ್ಟಿನ ಹೆಸರಿರಲಿಲ್ಲ, ಯಾವುದೋ ಗುತ್ತಿಗೆ ಕಂಪನಿಯ ಹೆಸರಿತ್ತು. ಅವನ ಮೇಲೆ ನನಗೆ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಆದ್ರೆ ಗಂಟೆಗೆ ಇಷ್ಟು ತಲೆ ದಾಟಿಸಬೇಕು ಅಂತ ಅವನಿಗೆ ಹೇಳಿದವರು ಎಲ್ಲೋ ಮೇಲೆ ಕೂತಿರ್ತಾರೆ. ದೂರು ಕೊಡಬಲ್ಲವರು ಯಾರು, ಕೊಡಲಾರದವರು ಯಾರು ಅಂತ ಅವನು ಮುಖ ನೋಡಿ ಕಲಿತುಬಿಟ್ಟಿದ್ದಾನೆ.

ಜೆದ್ದಾದಲ್ಲಿ ಇಳಿದ ನಮ್ಮ ಹಾಜಿಗಳು ಮೊದಲು ಕಲಿಯೋ ಅರಬ್ಬಿ ಎರಡೇ ಮಾತಂತೆ: ‘ಯಲ್ಲಾ ಹಾಜಿ’, ‘ತರೀಕ್, ತರೀಕ್’. ನಡಿ ಹಾಜಿ, ದಾರಿ ಬಿಡು. ಬೈಗುಳವೂ ಅಲ್ಲ, ಪ್ರೀತಿಯೂ ಅಲ್ಲ. ದಿನಕ್ಕೆ ಸಾವಿರಾರು ಜನರಿಗೆ ಹೇಳಿ ಹೇಳಿ ಸವೆದ ಮಾತು. ಆದರೆ ಆ ಊರಿನಲ್ಲೇ ಯಾತ್ರಿಕನನ್ನ ಮನುಷ್ಯ ಅಂತ ನೆನೆದು ಕಟ್ಟಿದ ಒಂದು ಕಟ್ಟಡವೂ ಇದೆ. 1981ರಲ್ಲಿ ತೆರೆದ ಹಜ್ ಟರ್ಮಿನಲ್. ಗೋಡೆ ಇಲ್ಲ, ಮೇಲೆ 210 ಬಿಳಿ ಡೇರೆಗಳು, ಫೈಬರ್ ಗ್ಲಾಸ್ ಬಟ್ಟೆಗೆ ಟೆಫ್ಲಾನ್ ಲೇಪ, ಬಿಸಿಗಾಳಿ ಮೇಲಿನ ತೂತಿನಿಂದ ಹೊರಗೆ ಹೋಗುತ್ತೆ. ಇದರ ಹಿಂದಿನ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್, ಢಾಕಾದವರು, ಶಿಕಾಗೋದ ಸಿಯರ್ಸ್ ಟವರಿನ ಲೆಕ್ಕ ಹಾಕಿದವರು. ಯಾತ್ರಿಕರು ಬಂದಾಗ 18 ಗಂಟೆ, ವಾಪಸ್ ಹೋಗುವಾಗ 36 ಗಂಟೆವರೆಗೆ ಇಲ್ಲೇ ಕಾಯಬೇಕಾಗಬಹುದು, ಅಡುಗೆ ಮಾಡಿಕೊಳ್ತಾರೆ, ಚಾಪೆ ಹಾಸಿ ಮಲಗ್ತಾರೆ, ನಮಾಜ್ ಮಾಡ್ತಾರೆ ಅಂತ ಮೊದಲೇ ಎಣಿಸಿ ಕಟ್ಟಿದ್ದು. 36 ಗಂಟೆ ಕಾಯಿಸೋದನ್ನೇ ತಪ್ಪಿಸಬಹುದಿತ್ತಲ್ಲ ಅನ್ನೋರಿದ್ದಾರೆ. ಇರಬಹುದು. ಆದರೆ ನಮ್ಮ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಕಾಯುವವನ ಬೆನ್ನಿಗೆ ಅಷ್ಟು ಯೋಚನೆ ಯಾರು ಮಾಡಿದ್ದಾರೆ? ಖಾನ್ ತೀರಿಕೊಂಡದ್ದೂ ಜೆದ್ದಾದಲ್ಲೇ, 1982ರ ಮಾರ್ಚಿನಲ್ಲಿ, ಹೃದಯಾಘಾತದಿಂದ.

ಈಗಿನ ಪದ್ಧತಿ ಬಹುತೇಕರಿಗೆ ಗೊತ್ತು. ಬೆಂಗಳೂರಿನಲ್ಲಿ ಹೆಗಡೆನಗರದ ಹತ್ತಿರ ಹಜ್ ಭವನ. ಊರಿಂದ ಬಾಡಿಗೆ ಟೆಂಪೋದಲ್ಲಿ ಹತ್ತಿಪ್ಪತ್ತು ಜನ ಕಳಿಸೋಕೆ ಬರ್ತಾರೆ. ಸಾಮಾನಿಗೆ ಬಣ್ಣದ ಟೇಪು, ಸೂಟ್‌ಕೇಸಿನ ಮೇಲೆ ದಪ್ಪ ಅಕ್ಷರದಲ್ಲಿ ‘ಶಿರಾ’. ಕೈಗೆ ಸ್ಟೀಲಿನ ಬಳೆ, ಅದರ ಮೇಲೆ ನಂಬರು. ದಾರಿ ತಪ್ಪಿದರೆ ಅದೇ ಗುರುತು. 2018ರಿಂದ 45 ದಾಟಿದ ಹೆಂಗಸರು ಗಂಡಸಿನ ಜತೆಯಿಲ್ಲದೆ, ತಾವೇ ಗುಂಪು ಕಟ್ಟಿಕೊಂಡು ಹೋಗಬಹುದು. ಖರ್ಚು ಮೂರು ಲಕ್ಷದ ಮೇಲೆ. ಅಷ್ಟು ಕೊಟ್ಟವರು ‘ಪುಣ್ಯದ ಕೆಲಸ, ಸಹಿಸಿಕೊಳ್ಳಬೇಕು’ ಅಂತ ಹೇಳಿಕೊಂಡು ಸುಮ್ಮನಿರ್ತಾರೆ. ಅವರ ಸಬೂರಿ ಅವರ ನಂಬಿಕೆ, ಅದಕ್ಕೆ ನನ್ನ ನಮಸ್ಕಾರ. ವಿಮಾನ ಕಂಪನಿ ಆ ಸಬೂರಿಯನ್ನ ತನ್ನ ಲಾಭದ ಖಾತೆಗೆ ಬರಕೊಳ್ಳೋದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಕಾನೂನು ಈ ವಿಷಯದಲ್ಲಿ ಅಷ್ಟೇನೂ ಕುರುಡಲ್ಲ. ಟಿಕೆಟ್ ಒಪ್ಪಂದ ಮಾಡಿಕೊಂಡವರು ಒಬ್ಬರು, ನಿಜವಾಗಿ ಹಾರಿಸಿದವರು ಇನ್ನೊಬ್ಬರು ಆದಾಗ ಯಾರನ್ನ ಕೇಳಬೇಕು ಅನ್ನೋ ಪ್ರಶ್ನೆಗೇ 1961ರಲ್ಲಿ ಗ್ವಾಡಲಹಾರದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯ್ತು. 1999ರ ಮಾಂಟ್ರಿಯಲ್ ಒಪ್ಪಂದ ಅದನ್ನ ತನ್ನೊಳಗೆ ಸೇರಿಸಿಕೊಂಡಿತು, ಭಾರತ 2009ರಲ್ಲಿ ಅದಕ್ಕೆ ಸೇರಿತು. ಅದರ ಪ್ರಕಾರ ಸಾಮಾನು ಕಳೆದರೆ, ತಡವಾಗಿ ನಷ್ಟವಾದರೆ, ಹಾರಿಸಿದ ಕಂಪನಿಯನ್ನೂ ಕೇಳಬಹುದು, ಒಪ್ಪಂದ ಮಾಡಿಕೊಂಡ ಕಂಪನಿಯನ್ನೂ ಕೇಳಬಹುದು. ‘ಅವರನ್ನ ಕೇಳಿ’ ಅಂತ ಕೈತೋರಿಸಿ ಕಳಿಸೋಕಾಗಲ್ಲ. ಸೂಟ್‌ಕೇಸ್ ಹಾಳಾಗಿ ಬಂದರೆ ಕೈಗೆ ಸಿಕ್ಕ ಏಳು ದಿನದೊಳಗೆ, ತಡವಾಗಿ ಬಂದರೆ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ಏರ್‌ಪೋರ್ಟಿನಿಂದ ಹೊರಡೋ ಮೊದಲೇ ಕೌಂಟರಿನಲ್ಲಿ ಬರೆಸಿಕೊಂಡರೆ ಇನ್ನೂ ಒಳ್ಳೇದು. ಮನೆಯಲ್ಲಿ ಯಾರಾದ್ರೂ ಹೊರಡೋರಿದ್ದರೆ ಬೋರ್ಡಿಂಗ್ ಪಾಸಿನ ತುಂಡು, ಸಾಮಾನಿನ ಚೀಟಿ ಎರಡನ್ನೂ ಬಿಸಾಡಬೇಡಿ ಅಂತ ಹೇಳಿ. ಮಾತಿನ ಒರಟುತನಕ್ಕೆ ಮಾತ್ರ ಯಾವ ಒಪ್ಪಂದದಲ್ಲೂ ಪರಿಹಾರ ಬರೆದಿಲ್ಲ.

ಕೊನೆಗೆ ಶಿರಾದವರ ಇನ್ನೊಂದು ಆಸೆಯ ವಿಷಯ. ಬೆಂಗಳೂರಿನ ಎರಡನೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಶಿರಾ ಹತ್ತಿರ ಆಗಲಿ ಅಂತ ಶಾಸಕ ಟಿ.ಬಿ. ಜಯಚಂದ್ರ ಅವರು ಗಟ್ಟಿಯಾಗಿ ಕೇಳ್ತಾ ಬಂದಿದ್ದಾರೆ. ಈಗಿನ ನಿಲ್ದಾಣದ ಒಪ್ಪಂದದಲ್ಲಿ 2033ರವರೆಗೆ 150 ಕಿಲೋಮೀಟರ್ ಒಳಗೆ ಹೊಸದು ಬರಬಾರದು ಅನ್ನೋ ಷರತ್ತಿದೆ. 2025ರಲ್ಲಿ ಕೇಂದ್ರದ ತಂಡ ಬಂದು ನೋಡಿ ಹೋದದ್ದು ಕನಕಪುರ ರಸ್ತೆ ಮತ್ತು ನೆಲಮಂಗಲ–ಕುಣಿಗಲ್ ರಸ್ತೆ ಕಡೆಯ ಜಾಗಗಳನ್ನ. ಶಿರಾದಲ್ಲಿ ಇನ್ನೂ ಆಸೆ ಬಿಟ್ಟಿಲ್ಲ. ಚಹಾ ಅಂಗಡಿಯಲ್ಲಿ ಈ ಮಾತು ಬಂದಾಗ ಒಬ್ಬರು ಅಂದ್ರು: ‘ಏರ್‌ಪೋರ್ಟ್ ಬರ್ಲಿ ಬಿಡಿ ಸಾರ್, ಕೌಂಟರಲ್ಲಿ ನಮ್ ಹುಡುಗ್ರು ಕೂತ್ಕೊಳ್ಲಿ. ಆಗ ನೋಡೋಣ, ಅವರು ಹೆಂಗ್ ಮಾತಾಡ್ತಾರೆ ಅಂತ.’

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೇ ಪಿಲ್‌ಗ್ರಿಮ್ ಪಾಸ್, ಹಡಗಿನ ಟಿಕೆಟ್, ಹಜ್ ನೋಟು ಏನಾದ್ರೂ ಉಳಿದಿದ್ರೆ ಫೋಟೋ ತೆಗೆದು ನಮಗೆ ಕಳಿಸಿ. ಮುಂದಿನ ಕಂತಿನಲ್ಲಿ ರಾಯದುರ್ಗ–ತುಮಕೂರು ರೈಲಿನ ಕಥೆ ಹೇಳ್ತೀನಿ, ಅಷ್ಟರಲ್ಲಿ ರೈಲು ಬಂದುಬಿಟ್ರೆ ಇನ್ನೂ ಸಂತೋಷ. ಬರ್ತೀನಿ, ನಮಸ್ಕಾರ.